ಕೊಂಡವನ ಪಾಲು

ಭೂಗತ ಲೋಕ ಅಂದಕೂಡಲೇ ನಮಗೆ ನೆನಪಾಗುವುದು ಬೆಂಗಳೂರಿನ ಜಯರಾಜ್, ಕೊತ್ವಾಲ್ ರಾಮಚಂದ್ರ. ಇನ್ನೂ ದೂರ ಹೋದರೆ ಶಿಕಾಗೊದ ಅಲ್ ಕಪೋನ್. ಬೆಳಗಾವಿಯ ಸದಾಶಿವನಗರದಲ್ಲಿ ಕೂತು ಅವರ ಸಿನಿಮಾ ನೋಡುವವರಿಗೆ ಅದೆಲ್ಲ ಬೇರೆ ಯಾರದೋ ಲೋಕ.

ಕಪೋನ್‌ನ ಕಥೆಯಲ್ಲಿ ನನ್ನನ್ನು ಕಾಡುವುದು ಬಂದೂಕಲ್ಲ, ಕಾನೂನು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧವಿತ್ತು. ಮದ್ಯ ತಯಾರಿಸುವುದು, ಮಾರುವುದು, ಸಾಗಿಸುವುದು ಅಪರಾಧ. ಕುಡಿಯುವುದು ಮಾತ್ರ ಅಪರಾಧವಾಗಿರಲಿಲ್ಲ! ಈ ಕಳ್ಳಮದ್ಯದ ದಂಧೆಯ ಪೈಪೋಟಿಯಲ್ಲಿ 1929ರ ಫೆಬ್ರವರಿ 14ರಂದು ಶಿಕಾಗೊದ ಗ್ಯಾರೇಜೊಂದರಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಕೊಂದರು. 1931ರಲ್ಲಿ ಕಪೋನ್‌ಗೆ ಶಿಕ್ಷೆಯಾಯಿತು, ಅದೂ ತೆರಿಗೆ ವಂಚನೆಗೆ. ಇವರೆಲ್ಲರ ದಂಧೆಗೆ ದುಡ್ಡು ಸುರಿದ ಸಾವಿರಾರು ಸಭ್ಯ ಗಿರಾಕಿಗಳು ಮಾತ್ರ ಇತಿಹಾಸದಲ್ಲಿ ಹೆಸರೇ ಇಲ್ಲದೆ ಉಳಿದರು.

ನಮ್ಮ ಕಡೆಯ ಕಾನೂನು ಇನ್ನೂ ಬಿಗಿಯಾಗಿತ್ತು. ಬೆಳಗಾವಿ ಮುಂಬೈ ಪ್ರಾಂತದಲ್ಲಿದ್ದಾಗ ಬಂದ 1949ರ ಪಾನನಿಷೇಧ ಕಾಯ್ದೆ ಕುಡಿದವನನ್ನೂ ಹಿಡಿಯುತ್ತಿತ್ತು. ಆರೋಗ್ಯದ ನೆಪದಲ್ಲಿ ಪರ್ಮಿಟ್ ಸಿಕ್ಕವರ ಮಾತು ಬೇರೆ. ಖಾನಾಪುರದ ಕಾಡು ದಾಟಿದರೆ 1961ರವರೆಗೂ ಪೋರ್ಚುಗೀಸರ ಗೋವಾ. ಘಟ್ಟದ ಕೆಳಗೆ ಗೋಡಂಬಿ ಹಣ್ಣಿನಿಂದ ಫೆನಿ ಇಳಿಸುವುದು ಮನೆತನದ ಕಸುಬು. ಘಟ್ಟ ಹತ್ತಿದರೆ ಅದೇ ಬಾಟಲಿ ಕಳ್ಳಮಾಲು.

ಈಗ ನಿಷೇಧವಿಲ್ಲ, ಗೋವಾಕ್ಕೂ ನಮಗೂ ತೆರಿಗೆಯ ವ್ಯತ್ಯಾಸವಿದೆ. ಕಳ್ಳಸಾಗಣೆಗೆ ಅಷ್ಟೇ ಸಾಕಾಗಿದೆ. ಚೋರ್ಲಾ ಘಾಟಿನಿಂದ ಬರುವ ಗಾಡಿಗಳನ್ನು ಕಣಕುಂಬಿ ಚೆಕ್‌ಪೋಸ್ಟಿನಲ್ಲಿ ಅಬಕಾರಿಯವರು ತಡೆಯುತ್ತಾರೆ. ಸಿಕ್ಕಿಬೀಳುವವನು ಬಹುಮಟ್ಟಿಗೆ ಡ್ರೈವರ್, ರಾತ್ರಿಯ ಬಾಡಿಗೆಗೆ ಬಂದವನು. ಮರುದಿನದ ಪೇಪರಿನಲ್ಲಿ ಬಾಟಲಿಗಳ ಸಾಲಿನ ಹಿಂದೆ ತಲೆ ತಗ್ಗಿಸಿ ನಿಲ್ಲುವವನೂ ಅವನೇ. ಇತ್ತ ಮಾಳಿಗೆಯ ಮೇಲಿನ ಪಾರ್ಟಿಯಲ್ಲಿ, ‘ಗೋವಾದ್ದು ರೀ, ತಗೋರಿ’ ಎಂಬ ಉಪಚಾರ ನಡೆದಿರುತ್ತದೆ. ರೌಡಿಗಳನ್ನು ಗಡಿಪಾರು ಮಾಡಬೇಕು ಎಂಬ ಖಡಕ್ ಮಾತೂ ಅಲ್ಲೇ ಹುಟ್ಟುತ್ತದೆ.

ಕುಡಿಯುವುದು ಪಾಪ ಎನ್ನುತ್ತಿಲ್ಲ. ಸರ್ಕಾರಕ್ಕೂ ಹಾಗೆ ಅನ್ನಿಸಿಲ್ಲ. ಅದಕ್ಕೆ ಬೇಕಾದದ್ದು ತನ್ನ ತೆರಿಗೆ. ನನ್ನ ತಕರಾರು ಬೇರೆ: ಅಪಾಯವನ್ನು ಬಡವನಿಗೆ ಗುತ್ತಿಗೆ ಕೊಟ್ಟು, ಲಾಭದ ಬಾಟಲಿಯನ್ನಷ್ಟೇ ಮನೆಗೆ ತರಿಸಿಕೊಂಡವನು ಆ ಲೋಕದ ಹೊರಗಿದ್ದಾನೆ ಎಂದು ನಾವು ಹೇಗೆ ಒಪ್ಪಿಕೊಂಡೆವು? ಲಾಂಗು ಹಿಡಿದವನಿಗೆ ತಾನು ಯಾವ ಲೋಕದವನೆಂಬುದು ಗೊತ್ತಿರುತ್ತದೆ. ಗ್ಲಾಸು ಹಿಡಿದವನಿಗೆ ಅದು ಗೊತ್ತಾಗುವ ಪ್ರಸಂಗವೇ ಬರುವುದಿಲ್ಲ.