ಮರದ ಗಂಟು, ಮನದ ಗಂಟು

ಮನುಷ್ಯನಿಗೆ ಹುಟ್ಟಿನೊಡನೆ ಬಂದ ಕೆಲವು ಗುಣಗಳುಂಟು. ಒಬ್ಬನು ಮುಂಗೋಪಿ, ಇನ್ನೊಬ್ಬನು ಹಟಮಾರಿ, ಮತ್ತೊಬ್ಬನು ಅತಿ ಸಂಕೋಚಿ. ಇಂಥ ಗುಣವನ್ನು ಸಾಧಕನು ಕಡಿದೊಗೆಯಬೇಕೋ, ಉಳಿಸಿಕೊಂಡೇ ಬಾಳನ್ನು ಹದಗೊಳಿಸಬೇಕೋ ಎಂಬುದು ಸಾಧನಮಾರ್ಗದಲ್ಲಿ ಪದೇಪದೇ ಏಳುವ ಪ್ರಶ್ನೆ. ಬಿಲ್ಲು ಮಾಡುವವನ ಕಾಯಕದಲ್ಲಿ ಇದಕ್ಕೊಂದು ಉತ್ತರ ದೊರೆಯುತ್ತದೆ.

ಇಂಗ್ಲೆಂಡ್ ದೇಶದ ನೀಳಬಿಲ್ಲು ಯೂ ಎಂಬ ಮರದಿಂದ ಆಗುತ್ತಿತ್ತು. 1545ರಲ್ಲಿ ಮುಳುಗಿದ ಮೇರಿ ರೋಸ್ ಎಂಬ ಯುದ್ಧನೌಕೆಯ ಒಡಲನ್ನು 1982ರಲ್ಲಿ ಮೇಲೆತ್ತಲಾಯಿತು. ಆ ನೌಕೆಯಲ್ಲಿ ದೊರೆತ ನೂರಕ್ಕೂ ಮಿಕ್ಕ ಬಿಲ್ಲುಗಳು ಆ ಕೌಶಲಕ್ಕೆ ಸಾಕ್ಷಿ. ಹೊರಮೈಗೆ ತೊಗಟೆಯಡಿಯ ಬಿಳಿಮರ, ಒಳಮೈಗೆ ಕೆಂಪು ಚೇಗು. ಹೆದೆಯನ್ನು ಸೆಳೆದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಿಗ್ಗನ್ನು ತಾಳಲು ಹೊರಮೈಯ ನಾರು ತುದಿಯಿಂದ ತುದಿಗೆ ಅಖಂಡವಾಗಿರಬೇಕು. ಗಂಟೆಂದರೆ ಹಿಂದೆ ಕೊಂಬೆ ಹುಟ್ಟಿದ ಎಡೆ. ಅಲ್ಲಿ ನಾರು ನೇರವಾಗಿ ಹೋಗದೆ, ಬಂಡೆಯನ್ನು ಬಳಸುವ ಹೊಳೆಯಂತೆ, ಗಂಟನ್ನು ಬಳಸಿ ಸಾಗುತ್ತದೆ. ಅಂದಕ್ಕಾಗಿ ಆ ಉಬ್ಬನ್ನು ಸಮತಟ್ಟಾಗಿ ಹೆರೆದರೆ ನಾರು ತುಂಡಾಗುತ್ತದೆ. ಬಿಲ್ಲು ಅಲ್ಲಿಯೇ ಸೀಳುತ್ತದೆ. ಆದುದರಿಂದ ಬಲ್ಲವನು ನಾರಿನ ಜಾಡು ಹಿಡಿದು, ಗಂಟಿನ ಸುತ್ತ ಮರವನ್ನು ತುಸು ಹೆಚ್ಚಾಗಿ ಉಳಿಸುತ್ತಾನೆ.

ಸ್ವಭಾವದ ಮಾತೂ ಹೀಗೆಯೇ. ಬಸವಣ್ಣನವರು ಬಲಾತ್ಕಾರದ ಇಂದ್ರಿಯನಿಗ್ರಹವನ್ನು ಒಪ್ಪಲಿಲ್ಲ. ಅಂಗಗುಣವಳಿಯುವುದೆಂದರೆ ಅದನ್ನು ಕಡಿಯುವುದಲ್ಲ, ಲಿಂಗಮುಖವಾಗಿ ತಿರುಗಿಸುವುದು. ಹಟವು ಕಾಯಕದಲ್ಲಿ ನಿಷ್ಠೆಯಾಗಬಲ್ಲುದು. ಕೋಪವು ಅನ್ಯಾಯವನ್ನು ಸಹಿಸದ ಧೈರ್ಯವಾಗಬಲ್ಲುದು. ಹಟಮಾರಿ ಮಗನನ್ನು ಬೆತ್ತದಿಂದ ನೆಟ್ಟಗೆ ಮಾಡಹೊರಟ ತಂದೆ, ಹಟದೊಡನೆ ಆತನ ಸತ್ತ್ವವನ್ನೂ ತುಂಡರಿಸುತ್ತಾನೆ.

ಹಾಗಾದರೆ ಎಲ್ಲ ದೋಷಕ್ಕೂ ಎಡೆ ಕೊಡಬಹುದೇ? ಕೂಡದು. ಜೀವಂತ ಕೊಂಬೆಯ ಗಂಟು ಸುತ್ತಣ ಮರದೊಡನೆ ಬೆಸೆದುಕೊಂಡಿರುತ್ತದೆ. ಸತ್ತ ಕೊಂಬೆಯ ಗಂಟು ಸಡಿಲವಾಗಿ, ಕೆಲವೊಮ್ಮೆ ಕೊಳೆತಿರುತ್ತದೆ. ಕೊಳೆತುದನ್ನು ಗಟ್ಟಿಮರ ಸಿಕ್ಕುವವರೆಗೆ ಕೆರೆದು ತೆಗೆಯಲೇಬೇಕು. ವಂಚನೆ, ಹುಸಿ, ಪರಧನದ ಆಸೆ ಇವು ಸ್ವಭಾವವಲ್ಲ, ಕೊಳೆ. ಇವನ್ನು ಬಳಸಿ ಹೋಗುವ ಮಾತೇ ಇಲ್ಲ.

ಇನ್ನೊಂದು ಸೂಕ್ಷ್ಮವುಂಟು. ಗಂಟಿನ ಬಳಿ ಮರ ದಪ್ಪವಾಗಿ ಉಳಿದುದರಿಂದ ಅಲ್ಲಿ ಬಾಗು ಕಡಿಮೆ. ಪಕ್ಕದ ಭಾಗ ತೆಳುವಾಗಿದ್ದರೆ ಬಾಗೆಲ್ಲ ಅದರ ಮೇಲೆಯೇ ಬಿದ್ದು, ಬಿಲ್ಲು ಗಂಟಿನಲ್ಲಲ್ಲ, ಗಂಟಿನ ಮಗ್ಗುಲಲ್ಲಿ ಮುರಿಯುತ್ತದೆ. ಯಜಮಾನನ ಕೋಪಕ್ಕೆ ಎಲ್ಲರೂ ಬಾಗಿ ನಡೆಯುವ ಮನೆಯಲ್ಲಿ ಮೊದಲು ಮುರಿಯುವವನು ಯಜಮಾನನಲ್ಲ. ಹತ್ತಿರದಲ್ಲಿರುವ ಮಡದಿ, ಇಲ್ಲವೆ ಸೊಸೆ. “ನನ್ನ ಸ್ವಭಾವವೇ ಹೀಗೆ” ಎನ್ನುವವನು ಇದನ್ನು ನೆನೆಯಬೇಕು. ತನ್ನ ಗಂಟನ್ನು ಉಳಿಸಿಕೊಂಡ ಸುಖಕ್ಕೆ ಬೆಲೆ ತೆರುತ್ತಿರುವವರು ಬೇರೆಯವರು.

ಬಿಲ್ಲು ಮಾಡುವವನು ಒಮ್ಮೆಗೇ ಪೂರ್ತಿ ಸೆಳೆಯನು. ತುಸುತುಸುವೇ ಬಾಗಿಸಿ, ನೋಡಿ, ಬಿಗಿಯಾದೆಡೆ ಒಳಮೈಯಿಂದ ತೆಳುವಾದ ಹೆರೆಯೊಂದನ್ನು ತೆಗೆದು, ಮತ್ತೆ ಬಾಗಿಸಿ ನೋಡುತ್ತಾನೆ. ಬಾಗು ಹದವಾಗಿ ಹಂಚುವವರೆಗೂ ಬಿಡನು. ಗೃಹಸ್ಥನಿಗೂ ಇದೇ ನಿತ್ಯದ ಕಾಯಕ. ಮನೆಯವರ ಗಂಟಿಗೆ ಎಡೆ ಕೊಡುವುದು ಕ್ಷಮೆ. ತನ್ನ ಕೊಳೆಯನ್ನು ಕೆರೆಯುವುದು ಶೀಲ. ಬಾಗುವ ಭಾರದಲ್ಲಿ ತಾನೂ ಪಾಲು ಹೊರುವುದು ದಯೆ. ಭಕ್ತನಾದವನು ದಿನವೂ ಇಷ್ಟಲಿಂಗದ ಮುಂದೆ ಕುಳಿತಾಗ, ತನ್ನ ಗಂಟಿನ ಭಾರ ಇಂದು ಯಾರ ಮೇಲೆ ಬಿದ್ದಿತೆಂದು ತನ್ನನ್ನು ತಾನೇ ಕೇಳಿಕೊಳ್ಳಲಿ.