ಹಿಟ್ಟಿನ ಕೋಳಿ, ಸುಳಿಯೊಳಗಿನ ಹುಳು

ಬೆಂಗಳೂರಿನ ಬಸವನಗುಡಿಯ ದೊಡ್ಡ ಬಸವಣ್ಣನದು ಬೆಳೆ ತಿಂದ ಪ್ರಾಣಿಯ ಕಥೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ಕಡಲೆಕಾಯಿ ಹೊಲಗಳಿಗೆ ಬಸವ ನುಗ್ಗುತ್ತಿತ್ತಂತೆ. ಕಾದು ಕುಳಿತವರು ದೊಣ್ಣೆ ಎತ್ತಿದಾಗ ಕಲ್ಲಾಗಿ ಕೂತುಬಿಟ್ಟಿತಂತೆ. ಪಶ್ಚಾತ್ತಾಪಪಟ್ಟ ರೈತರು ಹೊಸ ಫಸಲನ್ನು ಅದಕ್ಕೇ ಒಪ್ಪಿಸತೊಡಗಿದರು. ಕಾರ್ತಿಕದ ಕಡೆಯ ಸೋಮವಾರ ಇಂದಿಗೂ ಅಲ್ಲಿ ಪರಿಷೆ ನೆರೆಯುತ್ತದೆ.

ಬಸವನಿಗೆ ಗುಡಿಯಾಯಿತು. ಹುಳುವಿಗೆ?

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಫಾಲ್ ಸೈನಿಕ ಹುಳು ಪತ್ತೆಯಾಯಿತು. ಭಾರತದಲ್ಲಿ ಅದೇ ಮೊದಲು. ಅಮೆರಿಕ ಖಂಡದ ಈ ಕೀಟ 2016ರಲ್ಲಿ ಆಫ್ರಿಕ ತಲುಪಿತ್ತು. ಸುಳಿಯೊಳಗೆ ಅಡಗಿ ಎಲೆ ತಿಂದು ಮರದ ಹೊಟ್ಟಿನಂಥ ಹಿಕ್ಕೆ ತುಂಬುವುದರಿಂದ ರೈತರಿಗೆ ಇದು ಲದ್ದಿ ಹುಳು. ಅದಕ್ಕೆ ಹೊಡೆಯುವ ವಿಷವನ್ನು ನಮ್ಮ ಹಳ್ಳಿಗಳು 'ಔಷಧಿ' ಎನ್ನುತ್ತವೆ. ಆ ಹೆಸರೇ ಎಚ್ಚರವನ್ನು ಮಂಕಾಗಿಸುತ್ತದೆ.

ಕೊಲ್ಲುವುದು ಪಾಪವೇ? ಕನ್ನಡದಲ್ಲಿ ಈ ಪ್ರಶ್ನೆಯನ್ನು ಅತ್ಯಂತ ಕಠಿಣವಾಗಿ ಕೇಳಿದವನು ಜೈನ ಕವಿ ಜನ್ನ. 1209ರ 'ಯಶೋಧರ ಚರಿತೆ'ಯಲ್ಲಿ ರಾಜ ತಾಯಿಯ ಮಾತಿಗೆ ಬಲಿಯಾಗಿ ಕಡಿಯುವುದು ಹಿಟ್ಟಿನ ಕೋಳಿಯನ್ನು. ಜೀವ ಹೋಗಲಿಲ್ಲ, ಕೊಲ್ಲುವ ಸಂಕಲ್ಪವಿತ್ತು. ಅಷ್ಟಕ್ಕೇ ತಾಯಿ, ಮಗ ಇಬ್ಬರೂ ಜನ್ಮಜನ್ಮ ಅಲೆಯುತ್ತಾರೆ. ಈ ಅಳತೆಗೋಲಿನಲ್ಲಿ ಮೆಕ್ಕೆಜೋಳದ ರೈತನಿಗೆ ಉಳಿಗಾಲವಿಲ್ಲ ಅನ್ನಿಸಬಹುದು. ಆದರೆ ಅದೇ ಜೈನ ಚಿಂತನೆ ಗೃಹಸ್ಥನಿಗೆ ಬೇರೆ ಲೆಕ್ಕವನ್ನೂ ಇಟ್ಟಿದೆ: ಸಂಕಲ್ಪ ಹಿಂಸೆಯನ್ನು ಪೂರ್ತಿ ಬಿಡಬೇಕು, ಬೇಸಾಯದಂಥ ಕಸುಬಿನ ಹಿಂಸೆಯನ್ನು ಆದಷ್ಟು ಕಡಿಮೆ ಮಾಡಬೇಕು. ಹಿಂಸೆಯ ಬೇರನ್ನು ಜೈನ ತತ್ತ್ವಜ್ಞ ಉಮಾಸ್ವಾತಿ ಕಂಡದ್ದು ಪ್ರಮಾದದಲ್ಲಿ, ಅಂದರೆ ಮೈಮರೆವಿನಲ್ಲಿ.

ಹೊಲದಲ್ಲಿ ಮೈಮರೆವು ಹೇಗಿರುತ್ತದೆ? ಬಲಿತ ಹುಳು ಸುಳಿಯಾಳಕ್ಕೆ ಇಳಿದ ಮೇಲೆ ವಿಷ ಅದನ್ನು ಮುಟ್ಟುವುದೇ ಕಷ್ಟ. ಆಗ ಪ್ರಮಾಣ ಏರಿಸಿ ಹೊಡೆದರೆ ಸಾಯುವವು ಜೇನುನೊಣ, ಪರತಂತ್ರ ಕಣಜ. ಗಾಳಿಗೆದುರಾಗಿ, ಬರಿಮೈಯಲ್ಲಿ ಹೊಡೆದರೆ ವಿಷ ಹೊಡೆದವನ ಎದೆಗೇ ಇಳಿಯುತ್ತದೆ. ಕಟ್ಟಿಕೊಂಡ ನಾಜಲ್ಲನ್ನು ಬಾಯಿಂದ ಊದುವುದು, ಖಾಲಿ ಡಬ್ಬಿಯಲ್ಲಿ ನೀರು ತುಂಬಿಡುವುದು, ಹುಳುವಿಗೆಂದು ಬೆಲ್ಲ ಬೆರೆಸಿಟ್ಟ ವಿಷತೌಡನ್ನು ಮಕ್ಕಳು, ದನಗಳ ಕೈಬಾಯಿಗೆ ಸಿಗುವಂತೆ ಬಿಡುವುದು, ಎಲ್ಲವೂ ಪ್ರಮಾದವೇ. ಮರಿಹುಳು ಇರುವಾಗಲೇ, ಕೈಗವಸು, ಮುಖಗವಸು ತೊಟ್ಟು, ಸಂಜೆ ತಂಪಿನಲ್ಲಿ, ಲೇಬಲ್ಲಿನ ಅಳತೆ ಮೀರದೆ ಸುಳಿಗೇ ಗುರಿಯಿಟ್ಟರೆ ಹಾನಿ ಎಷ್ಟೋ ತಗ್ಗುತ್ತದೆ. ಇಮಾಮೆಕ್ಟಿನ್ ಬೆಂಜೋಯೇಟ್‌ಗೆ ಶಿಫಾರಸು ಲೀಟರ್ ನೀರಿಗೆ 0.4 ಗ್ರಾಂ ಮಾತ್ರ.

ಇನ್ನೊಂದು ದಾರಿ ಮನಸ್ಸಿಗೆ ಹೆಚ್ಚು ಕಷ್ಟದ್ದು. ಈ ಹುಳುವಿನ ಪತಂಗ ನೂರಿನ್ನೂರು ಮೊಟ್ಟೆಗಳನ್ನು ಗುಂಪಾಗಿಟ್ಟು ರೋಮ ಹೊದಿಸುತ್ತದೆ. ಅದನ್ನು ಬೆರಳಲ್ಲೇ ಹೊಸಕಬೇಕು. ಕಣ್ಣೆದುರೇ ನಡೆಯುವ ಈ ಕೊಲೆ ಸಿಂಪರಣೆಗಿಂತ ಕ್ರೂರವಾಗಿ ಕಾಣುತ್ತದೆ. ಆದರೂ ಇದೇ ಕಡಿಮೆ ಹಿಂಸೆ: ಸಂಬಂಧವಿಲ್ಲದ ಒಂದು ಜೀವವೂ ಜೊತೆಗೆ ಹೋಗುವುದಿಲ್ಲ, ಕೊಂದವನಿಗೆ ತಾನು ಕೊಂದದ್ದು ಗೊತ್ತಿರುತ್ತದೆ. ದೂರದಿಂದ ಕೊಲ್ಲುವವನಿಗೆ ಅದು ಗೊತ್ತಾಗುವುದಿಲ್ಲ. ಕಾಸರಗೋಡಿನ ಗೇರುತೋಪುಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದವರಿಗೆ ಕೆಳಗಿನ ಪಡ್ರೆ ಹಳ್ಳಿಯ ತೊರೆಗಳು, ತೊಟ್ಟಿಲುಗಳು ಕಾಣಲಿಲ್ಲ. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ.

ಪೇಟೆಯವರೂ ಹೊರಗುಳಿಯುವಂತಿಲ್ಲ. ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಒಪ್ಪುವುದು, ಮೂರನ್ನೂ ಜೈನರು ಒಂದೇ ಲೆಕ್ಕಕ್ಕೆ ಹಿಡಿಯುತ್ತಾರೆ. ಗಾಂಧಿ ಬಜಾರಿನಲ್ಲಿ ಸಿಪ್ಪೆ ಸುಲಿದು, ಹುಳು ಕೊರೆದ ತೆನೆ ಕಂಡೊಡನೆ ಬದಿಗೆ ಸರಿಸುವ ಕೈ ರೈತನಿಂದ ಇನ್ನೊಂದು ಸಿಂಪರಣೆ ಕೇಳುತ್ತಿರುತ್ತದೆ. ಕೊರೆದ ತುದಿಯನ್ನು ಎರಡು ಬೆರಳಷ್ಟು ಮುರಿದು ಹಾಕಿದರೆ, ಉಳಿದ ತೆನೆ ಕೆಂಡದ ಮೇಲೆ ಚೆನ್ನಾಗಿಯೇ ಬೇಯುತ್ತದೆ.