ವೇಗದ ದಾರಿ ಯಾರಿಗಾಗಿ ನಿಲ್ಲಬೇಕು?




ಇಂದಿನ ಚಿಂತನೆಗೆ ಒಂದು ಪ್ರಶ್ನೆ. *ಕೆಲವರು ಬೆವರು ಸುರಿಸಿ ಮಾಡಿದ ದಾರಿಯ ಮೇಲೆ, ಒಂದು ಕಲ್ಲನ್ನೂ ಹೊರದವನಿಗೆ ಹಕ್ಕು ಉಂಟೇ?* ಈ ಪ್ರಶ್ನೆಯನ್ನು ಗ್ರಂಥದಿಂದ ಎತ್ತಿಕೊಂಡಿಲ್ಲ. ನಮ್ಮ ಶಾಲೆಯ ಹುಡುಗರ ಕಂಪ್ಯೂಟರ್ ಆಟದಿಂದ ಬಂತು. ನಗಬೇಡಿ, ಪೂರ್ತಿ ಓದಿ.

ಮೈನ್‌ಕ್ರಾಫ್ಟ್ ಎಂಬ ಆಟ ನಿಮ್ಮ ಮನೆಯ ಮಕ್ಕಳಿಗೂ ಗೊತ್ತಿರುತ್ತದೆ. ಸ್ವೀಡನ್ನಿನ ಕಂಪನಿಯೊಂದು 2011ರಲ್ಲಿ ಪೂರ್ಣ ರೂಪದಲ್ಲಿ ಹೊರತಂದದ್ದು. ಇಂಥವರನ್ನು ಸೋಲಿಸಬೇಕು ಎಂಬ ನಿಯಮ ಇದರಲ್ಲಿಲ್ಲ. ಮಣ್ಣು, ಕಲ್ಲು, ಕಟ್ಟಿಗೆಯ ಚೌಕ ತುಂಡುಗಳನ್ನು ಅಗೆದು ತಂದು ಬೇಕಾದ್ದನ್ನು ಕಟ್ಟುವುದು, ಅಷ್ಟೇ. ಹಲವರು ಸೇರಿ ಒಂದೇ ಲೋಕದಲ್ಲಿ ಆಡಬಹುದು. ಆ ಲೋಕ ಬಹಳ ದೊಡ್ಡದು, ನಡಿಗೆ ಬಹಳ ನಿಧಾನ: ಸೆಕೆಂಡಿಗೆ ನಾಲ್ಕು ತುಂಡಿಗಿಂತ ತುಸು ಹೆಚ್ಚು. ಹಳಿ ಹಾಕಿ ಗಾಡಿ ಓಡಿಸಿದರೆ 8. ಮಂಜುಗಡ್ಡೆ ಹಾಸಿ ಅದರ ಮೇಲೆ ದೋಣಿ ಜಾರಿಸಿದರೆ 40; ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಿ ನೀಲಿ ಮಂಜುಗಡ್ಡೆಯಾದರೆ 70 ದಾಟುತ್ತದೆ. ನೆದರ್ ಎಂಬ ಪಾತಾಳವೂ ಇದೆ. ಅಲ್ಲಿ 1 ತುಂಡು ದಾಟಿದರೆ ಮೇಲಿನ ಲೋಕದಲ್ಲಿ 8 ತುಂಡು ದಾಟಿದಂತೆ. ಹೀಗಾಗಿ ಜಾಣ ಮಕ್ಕಳು ಮಂಜಿನ ದಾರಿಯನ್ನು ಪಾತಾಳದಲ್ಲೇ ಹಾಸುತ್ತಾರೆ.

ಇದರ ಹಿಂದಿನ ದುಡಿಮೆ ಕಡಿಮೆಯಲ್ಲ. 9 ಮಂಜಿನ ತುಂಡು ಸೇರಿದರೆ ಒಂದು ಗಟ್ಟಿ ಮಂಜು, ಅಂಥ 9 ಸೇರಿದರೆ ಒಂದು ನೀಲಿ ಮಂಜು. ಅಂದರೆ ಒಂದು ನೀಲಿ ತುಂಡಿಗೆ 81. ಮೇಲಿನ ಲೋಕದ 1,000 ತುಂಡು ದೂರಕ್ಕೆ ಪಾತಾಳದಲ್ಲಿ 125 ತುಂಡು ದಾರಿ ಬೇಕು. ಸಾಲಾಗಿ ಬಿಡದೆ ಹಾಸಿದರೆ 10,125 ಮಂಜಿನ ತುಂಡು. ನಮ್ಮ ನಾಲ್ವರು ಹುಡುಗರು ಬೇಸಿಗೆ ರಜೆಯಲ್ಲಿ ಇದನ್ನು ಮಾಡಿದರು. ತಮ್ಮ ನಾಲ್ಕು ನೆಲೆಗಳಿಗೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದೇ ಹೆಸರಿಟ್ಟರು. ನಿಜವಾದ ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರು ಪಟ್ಟಣಗಳಲ್ಲಿ ಇಂದಿಗೂ ರೈಲು ನಿಲ್ದಾಣವಿಲ್ಲ. ಮಕ್ಕಳು ಮಾತ್ರ ಹಿರೇಕೆರೂರಿನಿಂದ ಹಾನಗಲ್ಲಿಗೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಗಿಬಿಟ್ಟರು.

ಆಮೇಲೆ ಐದನೆಯವನು ಬಂದ. ನಡುದಾರಿಯಲ್ಲಿ ಗುಡಿಸಲು ಕಟ್ಟಿಕೊಂಡು, ನನಗೂ ಒಂದು ಸ್ಟಾಪ್ ಕೊಡಿ ಅಂದ. ಜಗಳ ಶಾಲೆಯ ತನಕ ಬಂತು. "ಅಂವ ಒಂದ್ ಐಸ್ ಸತೇಕ ತಂದಿಲ್ರಿ ಸರ" ಎಂದ ಒಬ್ಬ. "ಅವಂಗ ನಿಲ್ಸಿದ್ರ ಹಿಂದಿನ್ ದೋಣಿ ಎಲ್ಲಾ ನಿಲ್ತಾವ್ರಿ, ಫಾಸ್ಟ್ ಹೆಂಗ್ ಆಕ್ಕೈತಿ?" ಎಂದ ಇನ್ನೊಬ್ಬ. ಎರಡೂ ತೂಕದ ಮಾತುಗಳೇ. ದೊಡ್ಡವರ ಲೋಕವೂ ಈ ಎರಡು ಮಾತಿನ ಮೇಲೆಯೇ ನಿಂತಿದೆ.

ಮೊದಲ ಮಾತು: ದುಡಿದವನಿಗೆ ಮಾತ್ರ ದಾರಿ. ನ್ಯಾಯವಾಗಿ ಕೇಳಿಸುತ್ತದೆ. ಆದರೆ ಈ ನ್ಯಾಯ ನಮ್ಮ ಪಾಲಿಗೆ ಎಂದಾದರೂ ನಡೆದಿತ್ತೇ? ಕೆರೆಯ ಹೂಳು ಎತ್ತಿದವರು ನಮ್ಮ ಹಿರಿಯರು, ನೀರು ಮುಟ್ಟಬಾರದವರೂ ಅವರೇ. ಮಹಾಡದ ಚವದಾರ ಕೆರೆ ಎಲ್ಲರಿಗೂ ಮುಕ್ತ ಎಂದು ಅಲ್ಲಿನ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಬೊಗಸೆಯಲ್ಲಿ ನೀರು ಎತ್ತಬೇಕಾಯಿತು. 'ದುಡಿದವನಿಗೆ ಹಕ್ಕು' ಎಂಬ ಮಾತು ಬೇಕಾದಾಗ ಹೊರಗೆ ಬರುತ್ತದೆ, ಬೇಡವಾದಾಗ ಒಳಗೆ ಹೋಗುತ್ತದೆ. ಅದಕ್ಕೇ ಸಂವಿಧಾನದ 15(2)ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೆ ರಸ್ತೆಯನ್ನೂ ಹೆಸರಿಟ್ಟು ಹೇಳಿತು. ಯಾರು ಕಟ್ಟಿದರು ಎಂದು ಅದು ಕೇಳುವುದಿಲ್ಲ. ಸಾರ್ವಜನಿಕರಿಗೆ ಮೀಸಲಾದದ್ದೇ ಎಂದಷ್ಟೇ ಕೇಳುತ್ತದೆ.

ಜಾತಕ ಕಥೆಗಳಲ್ಲಿ ಕುಲಾವಕ ಜಾತಕ ಎಂಬುದೊಂದಿದೆ. ಮಗಧದ ಮಚಲ ಎಂಬ ಹಳ್ಳಿ, ಮೂವತ್ತು ಮನೆಗಳು. ಬೋಧಿಸತ್ವ ಅಲ್ಲಿ ಮಘ ಎಂಬ ಯುವಕ. ಊರ ಕೆಲಸಕ್ಕೆ ಎಲ್ಲರೂ ಸೇರಿದ್ದಾಗ ಅವನು ತಾನು ನಿಂತ ಜಾಗದ ಧೂಳನ್ನು ಕಾಲಿನಿಂದ ಸರಿಸಿ ಹಸನು ಮಾಡಿಕೊಂಡ. ಇನ್ನೊಬ್ಬ ಬಂದು ಅವನನ್ನು ತಳ್ಳಿ ಅಲ್ಲಿ ನಿಂತ. ಮಘ ಪಕ್ಕದ ಜಾಗ ಹಸನು ಮಾಡಿದ. ಅದನ್ನೂ ಮತ್ತೊಬ್ಬ ಹಿಡಿದ. ಹೀಗೆ ಮಾಡುತ್ತಾ ಮಾಡುತ್ತಾ ಎಲ್ಲರೂ ನಿಲ್ಲುವ ಜಾಗವೆಲ್ಲ ಹಸನಾಯಿತು! ಆಟದ ಹುಡುಗರಾಗಿದ್ದರೆ ಮೊದಲ ತಳ್ಳುವಿಕೆಗೇ ಹೊಡೆದಾಟ. ಮಘನಿಗೆ ತಳ್ಳಿಸಿಕೊಂಡದ್ದೇ ಕೆಲಸದ ಮುಂದಿನ ಹಂತವಾಯಿತು. ಆಮೇಲೆ ಊರ ಗಂಡಸರೆಲ್ಲ ಅವನ ಜೊತೆಗೂಡಿದರು. ಬೆಳಿಗ್ಗೆ ಬೇಗ ಎದ್ದು ದಾರಿಯ ಕಲ್ಲು ಉರುಳಿಸಿದರು, ಬಂಡಿಯ ಅಚ್ಚಿಗೆ ತಾಗುವ ಮರ ಕಡಿದರು, ಏರು ತಗ್ಗು ಸಮ ಮಾಡಿದರು, ಸೇತುವೆ ಕಟ್ಟಿದರು, ಕೆರೆ ತೋಡಿದರು. ಊರ ಮುಖಂಡನಿಗೆ ಇದರಿಂದ ಹೊಟ್ಟೆಯುರಿ. ಜನ ಕುಡಿತ ಬಿಟ್ಟದ್ದರಿಂದ ಅವನ ಆದಾಯ ನಿಂತಿತ್ತು. ಇವರು ಕಳ್ಳರು ಎಂದು ರಾಜನಿಗೆ ಚಾಡಿ ಹೇಳಿದ. ದಾರಿ ಸುಧಾರಿಸಿದರೆ ಯಾರಿಗೋ ನಷ್ಟ ಆಗಿಯೇ ಆಗುತ್ತದೆ ಎಂಬುದನ್ನು ಆ ಕಥೆ ಕಟ್ಟಿದವರು ಚೆನ್ನಾಗಿ ಬಲ್ಲವರು.

ಇನ್ನು ಎರಡನೆಯ ಮಾತು, ವೇಗ. ಇದು ಹೆಚ್ಚು ಕಷ್ಟದ್ದು. ಏಕೆಂದರೆ ಆ ಹುಡುಗನ ಲೆಕ್ಕ ಸರಿಯಾಗಿದೆ. ಪ್ರತಿ ನಿಲುಗಡೆ ವೇಗವನ್ನು ತಿನ್ನುತ್ತದೆ. ನಮ್ಮ 'ವೇಗದೂತ' ಬಸ್ಸು ವೇಗವಾಗಿರುವುದು ಎಂಜಿನ್ನಿನಿಂದಲ್ಲ, ಕೈ ಮಾಡಿದ ಹಳ್ಳಿಗಳಲ್ಲಿ ನಿಲ್ಲದೆ ಹೋಗುವುದರಿಂದ. ಒಳಗೆ ಕುಳಿತವನ ಹತ್ತು ನಿಮಿಷವನ್ನು ಹೊರಗೆ ನಿಂತವಳು ಒಂದು ತಾಸು ಕೊಟ್ಟು ತುಂಬುತ್ತಾಳೆ. ಶಿಗ್ಗಾವಿ ಹೆದ್ದಾರಿಯ ಮೇಲಿದೆ, ಹುಬ್ಬಳ್ಳಿಗೆ ಬಸ್ಸಿನ ಬರವಿಲ್ಲ. ಹಾನಗಲ್ಲ, ಹಿರೇಕೆರೂರಿನ ಒಳಹಳ್ಳಿಯವರಿಗೆ ಟಂಟಂ ಸಿಕ್ಕರೆ ಪುಣ್ಯ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೆ ಪ್ರತ್ಯೇಕ ದಾರಿ ಮಾಡಿದವರು ಒಂದು ಬುದ್ಧಿವಂತಿಕೆ ತೋರಿದ್ದಾರೆ: ಅದೇ ದಾರಿಯಲ್ಲಿ ಎಲ್ಲ ಕಡೆ ನಿಲ್ಲುವ ಬಸ್ಸೂ ಉಂಟು, ಕೆಲವೇ ಕಡೆ ನಿಲ್ಲುವ ಬಸ್ಸೂ ಉಂಟು. ವೇಗವೋ ನಿಲುಗಡೆಯೋ ಎಂದು ಒಂದನ್ನೇ ಆರಿಸಬೇಕಿಲ್ಲ. ನಿಲ್ದಾಣಕ್ಕೆ ಪಕ್ಕದಲ್ಲೊಂದು ಕವಲು ಬೇಕು, ಅದಕ್ಕೆ ಇನ್ನಷ್ಟು ಮಂಜು ಬೇಕು. ಹುಡುಗರಿಗೂ ಅಷ್ಟನ್ನೇ ಹೇಳಿದೆ.

ಆದರೂ ವೇಗದ ದಾರಿ ಊರಿಗೆ ಬಂದ ಮಾತ್ರಕ್ಕೆ ಮನುಷ್ಯನ ಹತ್ತಿರ ಬಂತು ಎನ್ನಲಾಗದು. 1901ರಲ್ಲಿ ಬಾಲಕ ಭೀಮರಾಯರು ಅಣ್ಣ ಮತ್ತು ಅಕ್ಕನ ಮಕ್ಕಳೊಂದಿಗೆ ತಂದೆಯನ್ನು ನೋಡಲು ರೈಲು ಹತ್ತಿದರು. ರೈಲು ಅವರ ಜಾತಿ ಕೇಳಲಿಲ್ಲ, ಮಸೂರು ಸ್ಟೇಷನ್ನಿಗೆ ತಂದು ಇಳಿಸಿತು. ಅಲ್ಲಿಂದ ಮುಂದಿನ ದಾರಿಗೆ ಒಬ್ಬ ಬಂಡಿಯವನೂ ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಬಂಡಿಯನ್ನು ಮಕ್ಕಳೇ ಹೊಡೆಯಬೇಕು, ಬಂಡಿಯವನು ಪಕ್ಕದಲ್ಲಿ ನಡೆದು ಬರಬೇಕು ಎಂದು ಒಪ್ಪಂದವಾಯಿತು. 1929ರಲ್ಲಿ ಚಾಳೀಸಗಾಂವ್‌ನಲ್ಲಿ ಅವರು ಬ್ಯಾರಿಸ್ಟರ್. ಆಗಲೂ ಟಾಂಗಾದವರು ಒಪ್ಪಲಿಲ್ಲ. ಟಾಂಗಾ ಹೊಡೆಯಲು ಬಾರದ ನಮ್ಮವನೊಬ್ಬ ಹೊಡೆದು, ಕಲ್ಲಿನ ಸೇತುವೆಯ ಮೇಲೆ ಅದು ಅಪಘಾತಕ್ಕೀಡಾಗಿ ಅವರ ಕಾಲು ಮುರಿಯಿತು. ಎರಡನ್ನೂ ಅವರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿಟ್ಟಿದ್ದಾರೆ. ಕೊನೆಯ ಎರಡು ಮೈಲಿಯಲ್ಲಿ ಏನಾಗುತ್ತದೆ ಎಂದು ನೋಡದೆ ಯಾವ ಜಾಲವನ್ನೂ ಸಾರ್ವಜನಿಕ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಊರಿನ ಬಸ್ ತಂಗುದಾಣ ಎಲ್ಲಿದೆ, ನಮ್ಮ ಕೇರಿ ಎಲ್ಲಿದೆ, ನಡುವೆ ಬೀದಿ ದೀಪ ಇದೆಯೇ, ನೀವೇ ಎಣಿಸಿ ನೋಡಿ.

ಆಟದಲ್ಲಿ ಇನ್ನೊಂದು ವಸ್ತುವಿದೆ, ಎಲಿಟ್ರಾ ಎಂಬ ರೆಕ್ಕೆ. ಅದು ಸಿಕ್ಕವನು ಹಾರಿಯೇ ಹೋಗುತ್ತಾನೆ, ಮಂಜಿನ ದಾರಿ ಅವನಿಗೆ ಬೇಡ. ನಾಲ್ವರಲ್ಲಿ ಇಬ್ಬರಿಗೆ ರೆಕ್ಕೆ ಸಿಕ್ಕ ವಾರವೇ ದಾರಿಯ ದುರಸ್ತಿ ನಿಂತಿತು. ನಮ್ಮ ಕಡೆಯೂ ಮನೆಮನೆಗೆ ಬೈಕು ಬಂದ ಮೇಲೆ ಬಸ್ಸಿನ ವೇಳೆಯ ಬಗ್ಗೆ ಅರ್ಜಿ ಬರೆಯುವ ಕೈಗಳು ಕಡಿಮೆಯಾದವು. ನಾವು ಮಾಸ್ತರರೂ ಸೇರಿಯೇ ಹೇಳುತ್ತಿದ್ದೇನೆ. ಬಸ್ಸಿಗೆ ಕಾಯುವವರು ಈಗ ಹೆಚ್ಚಾಗಿ ಕೂಲಿಗೆ ಹೋಗುವ ಹೆಣ್ಣುಮಕ್ಕಳು, ಕಾಲೇಜಿನ ಹುಡುಗಿಯರು, ಮುದುಕರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಆದರೆ ಟಿಕೆಟ್ ಇಲ್ಲದ್ದು ಒಳಗೆ ಹತ್ತಿದ ಮೇಲಿನ ಮಾತು.

ಮಘನ ಕಥೆಯಲ್ಲೂ ಹೀಗೇ ಆಯಿತು. ನಾಲ್ಕು ದಾರಿ ಕೂಡುವಲ್ಲಿ ಆ ಗಂಡಸರು ದೊಡ್ಡ ತಂಗುಮನೆ ಕಟ್ಟಿಸತೊಡಗಿದರು, ಹೆಂಗಸರಿಗೆ ಅದರಲ್ಲಿ ಪಾಲಿಲ್ಲ ಎಂದರು. ಅಷ್ಟು ಒಳ್ಳೆಯವರೇ ಹಾಗಂದರು ಎಂಬುದನ್ನು ಗಮನಿಸಿ. ಸುಧಮ್ಮಾ ಎಂಬುವಳು ಬಡಗಿಯನ್ನು ಒಲಿಸಿಕೊಂಡು, ಒಣಗಿದ ಮರದಲ್ಲಿ ಶಿಖರವೊಂದನ್ನು ಮೊದಲೇ ಕೆತ್ತಿಸಿ ಮನೆಯಲ್ಲಿ ಇಟ್ಟುಕೊಂಡಳು. ಕಟ್ಟಡ ಮುಗಿಯುವಾಗ ಬಡಗಿ, ಅಯ್ಯೋ ಶಿಖರವೇ ಇಲ್ಲವಲ್ಲ ಎಂದ. ಹುಡುಕಿದರೆ ಅದು ಅವಳ ಮನೆಯಲ್ಲಿ. ದುಡ್ಡು ಕೊಡುತ್ತೇವೆ ಎಂದರು. ದುಡ್ಡು ಬೇಡ, ಪಾಲು ಕೊಡಿ ಎಂದಳು. ಅವರು ಮತ್ತೂ ಒಪ್ಪಲಿಲ್ಲ. ಆಗ ಬಡಗಿಯೇ ಬಾಯಿ ಬಿಟ್ಟು, ಬ್ರಹ್ಮಲೋಕವೊಂದನ್ನು ಬಿಟ್ಟರೆ ಹೆಂಗಸರಿಲ್ಲದ ಜಾಗ ಎಲ್ಲಿದೆ ಎಂದು ಕೇಳಿದ. ಶಿಖರ ಏರಿತು.

ಜೈ ಭೀಮ್.